ನೀಲಗಿಡುಗ ಕುರಿಗಳನ್ನು ನೀರಿಗೆ ಕರೆದದ್ದು

ಜಮಖಂಡಿ
೯ ನವೆಂಬರ್ ೨೦೨೫

ಹೈದರಾಬಾದ್ ಮಹಾನಗರದಲ್ಲಿ ಬಾಲಕಿಯರಿಗೆ ಓಟ, ಜಿಗಿತ, ಶಿಸ್ತುಗಳನ್ನು ದಯಪಾಲಿಸುತ್ತಿರುವ, ನನಗಿಂತ ಮೊದಲೇ ಹುಟ್ಟಿ ಮನೆಯ ಒಳ್ಳೆಯ ಬುದ್ಧಿಯನ್ನೆಲ್ಲ ಖಾಲಿ ಮಾಡಿದ ಅಕ್ಕ ಪೂನಮ್ ಅವರ ಸನ್ನಿಧಿಗೆ ತಮ್ಮ ಮಾಳು ಮಾಡುವ ಸಾಷ್ಟಾಂಗ.

ತಾವು ನನ್ನನ್ನು ಫೋನಿನಲ್ಲಿ ಬ್ಲಾಕ್ ಮಾಡಿದ್ದೀರಿ. ನ್ಯಾಯವೇ. 'ಕೊಬ್ಬಿದ ಹೋತ ಮಾರಾಟಕ್ಕಿದೆ, ಹಲ್ಲು ನೋಡಿ ಒಯ್ಯಿರಿ' ಎಂಬ ಜಾಹೀರಾತಿಗೆ ತಮ್ಮ ನಂಬರು ಹಾಕಿ ಕುರಿ ವ್ಯಾಪಾರಸ್ಥರ ಗುಂಪಿಗೆ ಬಿಟ್ಟವನು ನಾನೇ. ಆದರೆ ಅಂಚೆ ಇಲಾಖೆಗೆ ಬ್ಲಾಕ್ ಮಾಡುವ ಗುಂಡಿ ಇಲ್ಲ. ಸ್ಟಾಂಪು ಅಂಟಿಸಿದರೆ ಎಂಥ ಸಿಟ್ಟಿನವರ ಬಾಗಿಲನ್ನೂ ಬಡಿಯುತ್ತಾರೆ.

ವಿಷಯ: 'ನೀಲಗಿಡುಗ' ಎಂಬ ಚಲನಚಿತ್ರದ ಬಗ್ಗೆ ಅಭಿಪ್ರಾಯ ಸಲ್ಲಿಸುವ ಕುರಿತು.

ಅಕ್ಕಾ, ಏನು ಸಿನಿಮಾ! ನಮ್ಮ ಟಾಕೀಸಿನಲ್ಲಿ ಮೊದಲ ದಿನ ಮೊದಲ ಆಟ ನೋಡಿದೆ. ಹೊರಬಂದವನು ಮುಖ ತೊಳೆದು ಮತ್ತೆ ಒಳಗೆ ಹೋದೆ. ಕತೆ ಮುಧೋಳದ ನಾಯಿ ಓಡಿದಂತೆ ಓಡುತ್ತದೆ. ಮೋಡಗಳನ್ನು ಕದ್ದು ಗಾಜಿನ ಭರಣಿಗಳಲ್ಲಿ ತುಂಬಿಡುವ ಒಬ್ಬ ಖಳನಾಯಕ. ಅವನನ್ನು ಎದುರಿಸಲು ನೀಲಿ ಗರಿಗಳ ಉಡುಪು, ಮುಖ ಮುಚ್ಚುವ ಮುಖವಾಡ ತೊಟ್ಟ ನೀಲಗಿಡುಗ. ಪಾತ್ರದಲ್ಲಿ ನಮ್ಮ ಆರಾಧ್ಯದೇವತೆ ಮೃದಾನಿ. ಅರ್ಧ ಕಟ್ಟಿದ ಸೇತುವೆಯ ತುದಿಗೆ ಬಂದು, ಬಲಗಾಲು ಮುಂದಿಟ್ಟು, ಗಾಳಿಗೆ ತನ್ನನ್ನು ಒಪ್ಪಿಸಿ ಜಿಗಿಯುತ್ತಾಳಲ್ಲ, ಆಗ ಟಾಕೀಸಿನ ಫ್ಯಾನುಗಳೂ ಒಂದು ಕ್ಷಣ ನಿಂತವು. (ಕರೆಂಟು ಹೋಗಿತ್ತು ಎನ್ನುವವರಿದ್ದಾರೆ. ಅವರು ನಾಸ್ತಿಕರು.) ದೋಷವೆಂದರೆ ಖಳನಾಯಕನ ಮಾತು. ಅವನ ಭಾಷಣ ಮುಗಿಯುವುದರೊಳಗೆ ಪೊಲೀಸರು ಬೀಳಗಿ ಬಸ್ಸು ಹಿಡಿದು ಬಂದಿದ್ದರೂ ಅವನು ಸಿಗುತ್ತಿದ್ದ.

ಇಷ್ಟು ಶ್ಲಾಘನೆ. ಇನ್ನು ಒಂದು ಘೋರ ಅಪರಾಧದ ಬಗ್ಗೆ.

ಕಡೆಯ ಭಾಗದಲ್ಲಿ ಅಣೆಕಟ್ಟು ಒಡೆಯುತ್ತದೆ. ಕಡಿದಾದ ಬಂಡೆಯ ಮೇಲೆ ಒಂದು ಪುಟ್ಟ ಹುಡುಗಿ, ಅವಳ ಸುತ್ತ ಒಂದು ಕುರಿಹಿಂಡು. ನೀಲಗಿಡುಗ ಮೇಲಿಂದ ಇಳಿದು, ಕೈ ಚಾಚಿ, ಮುಖವಾಡದೊಳಗಿಂದಲೇ ಕೂಗುತ್ತಾಳೆ: "ಬಾ ತಂಗೀ... ಬಾ ತಂಗೀ... ಹಿರ್ರ್ರೋ!" ಕುರಿಗಳು ಅವಳ ಹಿಂದೆ ಹೊರಡುತ್ತವೆ, ಹುಡುಗಿಯೂ ಹೊರಡುತ್ತಾಳೆ. ಟಾಕೀಸಿನ ತುಂಬ ಬಿಕ್ಕುವ ಸದ್ದು. ಅನಾಥ ಹುಡುಗಿಯನ್ನು ತಂಗಿ ಎಂದು ಕರೆದಳಲ್ಲ ಎಂದು ಗಂಡಸರು ಟವೆಲ್ಲಿನಲ್ಲಿ ಕಣ್ಣು ಒತ್ತಿಕೊಂಡರು. ನಾನೊಬ್ಬನೇ ಹೋ ಎಂದು ನಕ್ಕೆ. ಪಕ್ಕದವನು, "ಏನ್ ಮನಿಶ್ಯಾ ಅದಿಯೋ? ನಿನಗ ಅಕ್ಕ-ತಂಗ್ಯಾರಿಲ್ಲೇನ?" ಎಂದು ಕಾಲರು ಹಿಡಿದ.

ಅಕ್ಕಾ, ಅದು ಅಪ್ಪನನ್ನು ಹೆತ್ತ ನಮ್ಮ ಆಯಿಯ ಕೂಗು! ಕುರಿಗಳನ್ನು ನೀರಿಗೆ ಕರೆಯುವ ಕೂಗು. ನಮ್ಮ ಹಿಂಡಿನ ಮುಂದಾಳು ಕುರಿಗೆ 'ತಂಗಿ' ಎಂದು ಹೆಸರು. ಒಂದು ಸತ್ತರೆ ಮುಂದಿನದಕ್ಕೆ ಅದೇ ಹೆಸರು, ಜಮಖಂಡಿ ಸಂಸ್ಥಾನದ ಪಟ್ಟದ ಹಾಗೆ. ಈ ಭೂಮಿಯ ಮೇಲೆ ಕುರಿಯನ್ನು ಹಾಗೆ ಕರೆಯುವುದು ನಮ್ಮ ಮನೆಯವರು ಮಾತ್ರ. ಇದನ್ನು ಸಿನಿಮಾದವರಿಗೆ ಕೊಟ್ಟವರು ಯಾರು? ತಾವು ಆ ಊರಿನಲ್ಲೇ ಇರುವುದರಿಂದ ತನಿಖೆಯನ್ನು ತಮಗೇ ಒಪ್ಪಿಸಲಾಗಿದೆ.

ಇಂತಿ,
ಅಧ್ಯಕ್ಷ, ಅಖಿಲ ಜಮಖಂಡಿ ತಾಲೂಕಾ ನೀಲಗಿಡುಗ ಅಭಿಮಾನಿ ಸಂಘ (ನೋಂದಣಿ ಆಗದಿರುವ)


ಹೈದರಾಬಾದ್
೧೬ ನವೆಂಬರ್

ಮಾಳು,

ಬ್ಲಾಕ್ ತೆಗೆಯುವುದಿಲ್ಲ. ನಿನ್ನೆಯೂ ಇಳಕಲ್ಲಿನಿಂದ ಒಬ್ಬರು ಫೋನ್ ಮಾಡಿ ಹೋತಕ್ಕೆ ಎಷ್ಟು ಹಲ್ಲು ಎಂದು ಕೇಳಿದರು.

ಸಿನಿಮಾ ನಾನಿನ್ನೂ ನೋಡಿಲ್ಲ. ಶಾಲೆಯಲ್ಲಿ ಕ್ರೀಡಾಕೂಟದ ಗದ್ದಲ. ಕುರಿ ಕರೆಯುವ ಕೂಗು ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ತರಹ ಇರುತ್ತದೆ, ಅದರಲ್ಲೇನಿದೆ? ತನಿಖೆ ಮುಗಿಯಿತು. ಇದನ್ನು ಊರೆಲ್ಲ ಸಾರಬೇಡ. ಮುಖ್ಯವಾಗಿ ಅಪ್ಪನ ಮುಂದೆ ಎತ್ತಬೇಡ. ಅವನಿಗೆ ಈ ಸಿನಿಮಾ ಗಿನಿಮಾ ಸೇರುವುದಿಲ್ಲ.

ಮೃದಾನಿಯನ್ನು ಅಷ್ಟೊಂದು ಹೊಗಳಿದ್ದೀ. ಒಳ್ಳೆಯ ನಟಿಯೇ. ಆದರೆ ಅಂಥ ಜಿಗಿತಗಳನ್ನು ನಟಿಯರೇ ಮಾಡುತ್ತಾರೆಂದು ನಂಬಬೇಡ. ಮತ್ತೆ, ಸೇತುವೆಯ ಮೇಲೆ ಮುಂದಿಡುವುದು ಬಲಗಾಲಲ್ಲ, ಎಡಗಾಲು. ಅಭಿಮಾನಿ ಸಂಘದ ಅಧ್ಯಕ್ಷನಿಗೆ ಅಷ್ಟೂ ತಿಳಿಯಬಾರದೇ?

ಆಯಿಯ ಮೊಣಕಾಲು ಹೇಗಿದೆ?

ಪೂನಮ್


ಜಮಖಂಡಿ
೨೨ ನವೆಂಬರ್

ಘನವೆತ್ತ ಅಕ್ಕನವರಿಗೆ,

ಸಿಕ್ಕಿಬಿದ್ದಿರಿ! ಸಿನಿಮಾ ನೋಡಿಲ್ಲವೆಂದು ಒಂದು ಸಾಲು, ಎಡಗಾಲೆಂದು ಇನ್ನೊಂದು ಸಾಲು. ನಾನು ಮತ್ತೆ ಹೋಗಿ ನೋಡಿದೆ, ಎಡಗಾಲೇ. ಅಂದರೆ ತಾವು ಶಾಲೆ ತಪ್ಪಿಸಿ, ಮಕ್ಕಳನ್ನು ಮೈದಾನದ ಸುತ್ತ ಓಡಲು ಬಿಟ್ಟು, ಕದ್ದು ಸಿನಿಮಾ ನೋಡಿದ್ದೀರಿ. ನಾನು ಯಾರಿಗೂ ಹೇಳುವುದಿಲ್ಲ. ಸಂಘದ ಮಹಿಳಾ ಘಟಕಕ್ಕೆ ತಮ್ಮನ್ನು ಅವಿರೋಧವಾಗಿ ಆರಿಸಿದ್ದೇನೆ.

ಆದರೆ ಮೃದಾನಿ ತಾನೇ ಜಿಗಿದಿಲ್ಲ ಎಂಬ ತಮ್ಮ ಹೇಳಿಕೆಯನ್ನು ಸಂಘವು ಉಗ್ರವಾಗಿ ಖಂಡಿಸುತ್ತದೆ. ಇದು ಹೊಟ್ಟೆಕಿಚ್ಚು. ತಾವೂ ಒಂದು ಕಾಲಕ್ಕೆ ಗಿಡಗಂಟಿ ಏರುತ್ತಿದ್ದಿರಿ, ಬಿದ್ದು ಕೊರಳ ಎಲುಬು ಮುರಿದುಕೊಂಡಿರಿ, ಅಲ್ಲಿಗೆ ಬಿಟ್ಟಿರಿ. ಮೃದಾನಿ ಬಿಡಲಿಲ್ಲ. ಅದೇ ವ್ಯತ್ಯಾಸ. ಅವಳ ಮೈಯಲ್ಲಿ ಎಲ್ಲೋ ನಮ್ಮ ಕಡೆಯ ರಕ್ತವಿದೆ ಎಂಬುದು ನನ್ನ ಸಂಶೋಧನೆ.

ಊರೆಲ್ಲ ಸಾರಬೇಡ ಎಂದಿದ್ದೀರಿ. ಪತ್ರ ತಡವಾಗಿ ಬಂತು. 'ಅಸಲಿ ನೀಲಗಿಡುಗ' ಎಂಬ ಹೆಸರಿನಲ್ಲಿ ಆಯಿಯ ವಿಡಿಯೊ ಮಾಡಿ ಬಿಟ್ಟಾಗಿದೆ. ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬಾ ತಂಗೀ" ಎಂದು ಕೂಗುತ್ತಾಳೆ, ಹಿಂಡು ಬಂದು ಫೋನಿನ ಮೇಲೇ ಹಾಯುತ್ತದೆ. ಲೋಕಾಪುರ ದಾಟಿ ಎಲ್ಲೆಲ್ಲಿಗೋ ಹೋಗಿದೆ. ಬನಹಟ್ಟಿಯ ನನ್ನ ಗೆಳೆಯ ಸಂಜಯ ತಮ್ಮ ಮಗ್ಗದಲ್ಲಿ ಟವೆಲ್ಲಿನ ಅಂಚಿಗೆ 'ಬಾ ತಂಗೀ' ಎಂದು ನೇಯಿಸಿದ್ದಾನೆ. ಸಂಘದವರೆಲ್ಲ ಅದನ್ನೇ ಹೆಗಲಿಗೆ ಹಾಕಿಕೊಂಡು ಗಂಭೀರವಾಗಿ ಓಡಾಡುತ್ತೇವೆ.

ಪೇಪರಿನವರೊಬ್ಬರು 'ತಂಗೀ ಎಂಬ ಆ ಒಂದು ಕರೆಯಲ್ಲಿ ಇಡೀ ಹೆಣ್ಣುಕುಲದ ನೋವಿದೆ' ಎಂದು ಬರೆದಿದ್ದರು. ಅದನ್ನು ಆಯಿಗೆ ಓದಿ ಹೇಳಿದೆ.

"ನೋವು ಎದಕ್ಕ ಬಂತೋ? ನೀರಡಿಕಿ ಆಗೇತಿ ಅವಕ್ಕ," ಎಂದಳು.

ಈಗ ಆಯಿಗೆ ಸಿನಿಮಾ ನೋಡಲೇಬೇಕಂತೆ. ತನ್ನ ಕೂಗು ಕದ್ದವಳ ಮುಖ ನೋಡಬೇಕಂತೆ. ಅಪ್ಪ ಹಿಂಡು ಹೊಡೆದುಕೊಂಡು ಲೋಕಾಪುರದ ಕಡೆಗಿದ್ದಾನೆ. ಮುಂದಿನ ರವಿವಾರ ಕಾಕಾನನ್ನು ಹಿಂಡಿನ ಹತ್ತಿರ ಬಿಟ್ಟು ಬರುತ್ತಾನೆ. ಇಬ್ಬರನ್ನೂ ಕರೆದೊಯ್ಯುತ್ತಿದ್ದೇನೆ. ಸಿನಿಮಾ ಸೇರುವುದಿಲ್ಲ ಎಂದಿರಲ್ಲ, ಸೇರಿಸಿ ತೋರಿಸುತ್ತೇನೆ.

ಇಂತಿ,
ಅಧ್ಯಕ್ಷ (ಟವೆಲ್ ಸಮೇತ)


ಹೈದರಾಬಾದ್
೨೯ ನವೆಂಬರ್

ಮಾಳು,

ಎಡಗಾಲೆಂದು ನನಗೆ ಗೊತ್ತಿರುವುದು ಅದು ನನ್ನ ಕಾಲಾದದ್ದರಿಂದ.

ಈಗ ಕೂತು ಓದು, ನಗಬೇಡ. ಶಾಲೆ ಎಂಬುದು ಈಗಿಲ್ಲ. ಮೊದಲು ಕೆಲವು ತಿಂಗಳು ಇತ್ತು, ಪಿ.ಟಿ. ಕಲಿಸುತ್ತಿದ್ದೆ. ಒಮ್ಮೆ ಮಕ್ಕಳ ಚೆಂಡು ಮಾಳಿಗೆಯ ಮೇಲೆ ಸಿಕ್ಕಿಕೊಂಡಾಗ ನಳದ ಪೈಪು ಹಿಡಿದು ಏರಿ ತೆಗೆದೆ. ಮಗಳನ್ನು ಬಿಡಲು ಬಂದ ಒಬ್ಬರು ಕೆಳಗಿನಿಂದ ನೋಡುತ್ತ ನಿಂತಿದ್ದರು. ಸಿನಿಮಾಗಳಿಗೆ ಸಾಹಸ ದೃಶ್ಯ ಮಾಡಿಸುವವರು. ಹಾಗೆ ಶುರುವಾಯಿತು. ಸೇತುವೆ, ಮೊಬೈಲ್ ಟವರು, ಬಂಡೆ, ನೀನು ಸೀಟಿ ಹೊಡೆದದ್ದೆಲ್ಲ ನನಗೆ. ಮೃದಾನಿ ಒಳ್ಳೆಯ ಹುಡುಗಿ, ನನಗೆ ತನ್ನ ಕುರ್ಚಿ ಬಿಟ್ಟುಕೊಡುತ್ತಾಳೆ. ಆದರೆ ಸ್ಟೂಲಿನ ಮೇಲೆ ನಿಂತರೂ ಕಣ್ಣು ಮುಚ್ಚುತ್ತಾಳೆ.

ಆ ಕೂಗು ಬರೆದಿಟ್ಟದ್ದಲ್ಲ. "ಓ ಮೂಕ ಜೀವಿಗಳೇ, ನನ್ನನ್ನು ಹಿಂಬಾಲಿಸಿ" ಎನ್ನಬೇಕಿತ್ತು. ಒಂದು ಕುರಿಯೂ ಕಿವಿ ಅಲುಗಿಸಲಿಲ್ಲ. ನಾನು ಎರಡು ದಿನದಿಂದ ಮುಂದಿನ ಕುರಿಗೆ ಮೆಕ್ಕೆಜೋಳ ತಿನ್ನಿಸುತ್ತ ಆಯಿಯ ಹಾಗೆ ಕರೆಯುತ್ತಿದ್ದೆ, ಸುಮ್ಮನೆ, ಮನೆಯ ನೆನಪಿಗೆ. ಬಂಡೆಯ ಮೇಲೆ ಹೊತ್ತಾಗುತ್ತಿತ್ತು, ಬಾಯಿಂದ ಅದೇ ಬಂತು. ಕುರಿಗಳು ಬಂದವು. ಬೇರೆ ಯಾರ ದನಿಯೂ ಅದಕ್ಕೆ ಹೊಂದಲಿಲ್ಲವೆಂದು ಐದು ಭಾಷೆಗಳಲ್ಲೂ ಹಾಗೇ ಬಿಟ್ಟರು. ಕಡೆಗೆ ಸಣ್ಣ ಅಕ್ಷರದಲ್ಲಿ ಹೆಸರುಗಳು ಹೋಗುತ್ತವಲ್ಲ, ಅದರಲ್ಲಿ ನನ್ನದೂ ಇದೆ. ಇಷ್ಟು ಸಲ ನೋಡಿದ ಅಧ್ಯಕ್ಷರು ಒಮ್ಮೆಯೂ ಅಲ್ಲಿಯವರೆಗೆ ಕೂರಲಿಲ್ಲ.

ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀ. ನೀನಾಗ ಸಣ್ಣವನು. ಮರಿಗಳಿಗೆ ಸೊಪ್ಪು ತಪ್ಪಲು ಕಡಿಯಲು ಬೇವಿನ ಗಿಡ ಏರಿ ಬಿದ್ದೆನಲ್ಲ, ಅಪ್ಪ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ತುಬಚಿ ರಸ್ತೆಯವರೆಗೆ ಓಡಿದ. ಎಲುಬು ಕೂಡಿದ ಮೇಲೆ ಬೀರಪ್ಪನ ಗುಡಿಗೆ ಕರೆದೊಯ್ದು ಅಂಗೈಯಲ್ಲಿ ಭಂಡಾರದ ಅರಿಸಿನ ಇಟ್ಟ. "ನಾ ಕೆಳಗ ನಿಂತಿರಲಾರದ ಕಡೆ ಮ್ಯಾಲ ಏರೂದಿಲ್ಲ ಅಂತ ಆಣಿ ಮಾಡು," ಎಂದ. ಮಾಡಿದೆ. ಭಂಡಾರ ಮುಟ್ಟಿದ ಆಣೆ ಮುರಿದವರನ್ನು ಅಪ್ಪ ಏನು ಮಾಡುತ್ತಾನೆಂದು ನಿನಗೆ ಗೊತ್ತು. ಭೀಮಶಿ ಮಾವ ಒಂದು ಸಲ ಮಾತು ಮುರಿದದ್ದಕ್ಕೆ ಇವತ್ತಿಗೂ ಅವನ ಮನೆಯ ನೀರು ಕುಡಿಯುವುದಿಲ್ಲ.

ಎರಡನೆಯ ಭಾಗ ಜನವರಿಯಲ್ಲಿ ಶುರು. ನನ್ನನ್ನೇ ಕೇಳಿದ್ದಾರೆ. ಇನ್ನೊಂದು ಸಲ ಕದ್ದು ಏರಲು ನನಗೆ ಮನಸ್ಸಿಲ್ಲ. ಊರಿಗೆ ಬಂದು ಅಪ್ಪನ ಮುಂದೆ ನಾನೇ ಹೇಳಬೇಕೆಂದಿದ್ದೆ. ಅವನು ಬೇಡವೆಂದರೆ ಬಿಡುತ್ತೇನೆ. ಮಾತೇ ಬಿಟ್ಟರೆ ಏನು ಮಾಡಲಿ, ಅದು ಗೊತ್ತಿಲ್ಲ.

ಅವನನ್ನು ಆ ಸಿನಿಮಾಕ್ಕೆ ಕರೆದೊಯ್ಯಬೇಡ. ನಿನ್ನೆ ಮನೆಗೆ ಫೋನ್ ಮಾಡಿದೆ. ಅವ್ವ ತೆಗೆದಳು, "ಛಲೋ ಆತು ಬಿಡು, ನಿಮ್ಮಪ್ಪ ಟಾಕೀಸ ಕಂಡಾಂವನ ಅಲ್ಲ," ಎಂದು ನಕ್ಕಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನಿನಗೂ ಇದನ್ನು ಫೋನಿನಲ್ಲಿ ಹೇಳಲಾಗದೆ, ತಡವಾದೀತೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಪೂನಮ್


ಜಮಖಂಡಿ
೧ ಡಿಸೆಂಬರ್

ಮಹಿಳಾ ಘಟಕದ ಅಧ್ಯಕ್ಷರಿಗೆ,

ಜಯಭೇರಿ! ನಿನ್ನೆ ಆಯಿ ಮತ್ತು ಅಪ್ಪನ ಟಾಕೀಸು ಪ್ರವೇಶ ಸುಸೂತ್ರವಾಗಿ ನೆರವೇರಿತು. ತಮ್ಮಿಂದ ಪತ್ರವಿಲ್ಲ, ಸೋಲನ್ನು ಒಪ್ಪಿಕೊಂಡಿದ್ದೀರೆಂದು ತಿಳಿಯುತ್ತೇನೆ.

ಆಯಿ ಪರದೆಯ ಹತ್ತಿರದ ಸೀಟೇ ಬೇಕೆಂದಳು. ಮೋಡದ ಭರಣಿಗಳನ್ನು ನೋಡಿ, "ಉಪ್ಪಿನಕಾಯಿ ಹಾಕ್ಯಾನೇನ?" ಎಂದು ಕೇಳಿದಳು. ಬಂಡೆಯ ದೃಶ್ಯ ಬಂತು. "ಬಾ ತಂಗೀ" ಎಂದು ಕೇಳಿದ್ದೇ ತಡ, ಇಡೀ ಟಾಕೀಸು ಮೂಗು ಒರೆಸಿಕೊಳ್ಳುತ್ತಿದ್ದಾಗ ಆಯಿ ಎದ್ದು ನಿಂತು, "ಏ ಹುಡಿಗೀ, ಕಡೀಕ ದನಿ ಎಳೀಬೇಕ, ಹಿರ್ರ್ರ್ರೋಓಓ ಅಂತ! ಹಿಂದಿನ ಕುರಿಗೆ ಹೆಂಗ ಕೇಳಬೇಕ?" ಎಂದು ತಿದ್ದಿದಳು. ಜನ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದರು.

ಆದರೆ ನಿಜವಾದ ಪವಾಡ ಅಪ್ಪ. ಸಿನಿಮಾ ಸೇರುವುದಿಲ್ಲ ಎಂದವರು ಯಾರು? ಸೇತುವೆಯಿಂದ ಮೃದಾನಿ ಜಿಗಿಯುವ ಹೊತ್ತಿಗೆ ಅಪ್ಪ ತಟ್ಟನೆ ಎದ್ದು ನಿಂತ, ಎರಡೂ ಕೈ ಮುಂದೆ ಚಾಚಿ. ನಮ್ಮ ಸಂಘದಲ್ಲಿ ಅಂಥ ಅಭಿಮಾನಿಯನ್ನು ನಾನು ಕಂಡಿಲ್ಲ. ಹಿಂದಿನಿಂದ, "ಏ ಕಾಕಾ, ಕುಂಡರ್ರಿ ಕೆಳಗ! ನಾವ್ ಏನ್ ನೋಡೂಣು, ನಿಮ್ಮ ತಲಿ ಪಟಕಾನೇನ?" ಎಂದು ಕೂಗಿದರು. ಕೂತ. ಟವರಿನ ಮೇಲಿಂದ ಜಿಗಿದಾಗ ಮತ್ತೆ ಎದ್ದ, ಮತ್ತೆ ಕೈ ಚಾಚಿದ. ಬಂಡೆಯ ಹೊತ್ತಿಗೆ ಹಿಂದಿನವರು ಬೈಯುವುದನ್ನೂ ಬಿಟ್ಟರು. ಅಪ್ಪನನ್ನು ಸ್ಥಳದಲ್ಲೇ ಗೌರವಾಧ್ಯಕ್ಷರನ್ನಾಗಿ ನೇಮಿಸಿ ಟವೆಲ್ ಹೊದಿಸಿದೆ.

ಸಿನಿಮಾ ಮುಗಿದು ಎಲ್ಲರೂ ಹೊರಟರೂ ಅಪ್ಪ ಏಳಲಿಲ್ಲ. ಇಂಗ್ಲಿಷ್ ಅಕ್ಷರಗಳು ಮೇಲೆ ಹೋಗುತ್ತಲೇ ಇದ್ದವು, ಅವನು ಅದನ್ನೂ ನೋಡುತ್ತ ಕೂತ. ಓದಲು ಬರದಿದ್ದರೂ ಎಂಥ ಭಕ್ತಿ! ಕಸ ಗುಡಿಸುವವರು ಬಂದು ಎಬ್ಬಿಸಿದರು. ಹೊರಗೆ ಮಿರ್ಚಿ ತಿನ್ನು ಎಂದರೆ ಬೇಡವೆಂದ. ಸಂಜೆಯ ಬಸ್ಸಿಗೇ ಲೋಕಾಪುರಕ್ಕೆ ಹೋದ. ಕಲೆಯ ಆಘಾತ, ಬೇರೇನಲ್ಲ.

ಇಂತಿ,
ವಿಜಯೀ ಮಾಳು


ಹೈದರಾಬಾದ್
೭ ಡಿಸೆಂಬರ್

ಮಾಳು,

ನಿನ್ನ ಪತ್ರ ಬಂತು. ನನ್ನದು ನಿನಗೆ ಸಮಯಕ್ಕೆ ಸಿಕ್ಕಿಲ್ಲ ಎಂದು ತಿಳಿಯಿತು.

ಅವನು ಅಭಿಮಾನಿಯಾಗಿ ಎದ್ದು ನಿಂತದ್ದಲ್ಲವೋ, ಹುಚ್ಚಪ್ಪಾ.

ಇವತ್ತು ರವಿವಾರ. ಯಾವಾಗಿನಂತೆ ಅಪ್ಪನಿಗೆ ಫೋನ್ ಮಾಡಿದೆ. ತೆಗೆಯಲಿಲ್ಲ. ಮತ್ತೆ ಮಾಡಿದೆ, ಕಾಕಾ ತೆಗೆದು, "ಕುರಿ ಕಡೆ ಹೋಗ್ಯಾನವಾ" ಎಂದ. ಅಪ್ಪ ಕೆಮ್ಮಿದ್ದು ನನಗೆ ಕೇಳಿಸಿತು.

ಪೂನಮ್


ಜಮಖಂಡಿ
೮ ಡಿಸೆಂಬರ್

ಅಕ್ಕಾ,

ನಿನ್ನ ಇಪ್ಪತ್ತೊಂಬತ್ತರ ಪತ್ರ ಮೊನ್ನೆ ಸಿಕ್ಕಿತು. ಓದಿ ಟಾಕೀಸಿಗೆ ಹೋದೆ. ಹೆಸರುಗಳು ಬರುವವರೆಗೆ ಕೂತೆ. ಇತ್ತು. ಬೇಗ ಹೋಗಿಬಿಟ್ಟಿತು, ಆದರೆ ಇತ್ತು. ಅಷ್ಟು ಸಲ ಸೀಟಿ ಹೊಡೆದವನು ಅವತ್ತು ಕುರ್ಚಿಯ ಕೈ ಹಿಡಿದು ಕೂತಿದ್ದೆ. ಸಿನಿಮಾ ಮೊದಲಿಗಿಂತ ಚೆನ್ನಾಗಿದೆ ಅಕ್ಕಾ. ಭಯವೂ ಆಗುತ್ತದೆ.

ಆಮೇಲೆ ಲೋಕಾಪುರಕ್ಕೆ ಹೋದೆ. ಕಬ್ಬು ಕಡಿದ ಹೊಲದಲ್ಲಿ ಹಿಂಡು ನಿಲ್ಲಿಸಿದ್ದರು. ಅಪ್ಪ ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ಹೇಗೆ ಶುರು ಮಾಡಬೇಕೆಂದು ತಿಳಿಯದೆ, "ಅಪ್ಪಾ, ಒಂದ್ ಮಾತ ಹೇಳಬೇಕಿತ್ತು," ಎಂದೆ.

"ಪೂನಿದ ಮಾತ ಹೌದಿಲ್ಲೋ?" ಎಂದ, ತಲೆ ಎತ್ತದೆ.

"ನಿನಗ ಹೆಂಗ ಗೊತ್ತಾತು? ಆಯಿ ಕೂಗು ಕೇಳಿ?"

"ಕೂಗು ಆಮ್ಯಾಲ ಬಂತಲ್ಲ. ಸೇತುವಿ ಮ್ಯಾಲ ಜಿಗಿಯೂಕಿಂತ ಮೊದಲ ಎರಡೂ ಅಂಗೈ ತೊಡಿಗಿ ಒರಸ್ಕೊಂಡ್ಳು. ಗಿಡಾ ಏರೂ ಮುಂದ ಹಂಗ ಮಾಡ್ತಿದ್ಳು."

ನಾನು ನೂರು ಸಲ ಪರದೆಯ ಹತ್ತಿರ ಕೂತವನು, ಅದನ್ನು ನೋಡಿರಲಿಲ್ಲ.

"ಆಣಿ ಮುರದಾಳಂತ ಸಿಟ್ಟದಿಯೇನ?"

ಮುಳ್ಳು ತೆಗೆದ, ಮರಿಯನ್ನು ತಾಯಿಯ ಹತ್ತಿರ ಬಿಟ್ಟ, ಕೈ ತೊಳೆದ. "ಕೈ ಚಾಚಿದ್ನಿ ನಾ ಅಲ್ಲಿ. ಮಂದಿ ನಕ್ಕರು. ಬಟ್ಟಿ ಪರದೆ ಅದು, ನನಗೂ ತಿಳೀತೈತಿ. ಕೈ ಕೇಳಲಿಲ್ಲ," ಎಂದ. ಮತ್ತೆ ಕೋಲು ಎತ್ತಿಕೊಂಡು ಕೇಳಿದ: "ಆಕಿ ಮ್ಯಾಲಿಂದ ಬಿಡೂ ಮುಂದ ಹಗ್ಗಾ ಹಿಡದಾಂವ ಯಾಂವ?"

"ನನಗೇನ್ ಗೊತ್ತಪ್ಪಾ."

"ಕೇಳಿ ಬರಿ. ಅವನ ಹೆಸರ ಬರಿ ಅನ್ನು. ಎಂಥಾ ಮನಿಶ್ಯಾ ಅದಾನ ಅದೂ ಬರಿ ಅನ್ನು."

ಅಷ್ಟೇ. ಅಪ್ಪ ಆ ಮನುಷ್ಯನ ಮೇಲೆ ಜಗಳಕ್ಕೆ ಹೋಗುತ್ತಾನೋ ಏನೋ, ನನಗೆ ತಿಳಿಯುತ್ತಿಲ್ಲ. ಕೋಲು ಹಿಡಿದು ಹೈದರಾಬಾದ್ ಬಸ್ಸು ಹತ್ತಿದರೆ ತಡೆಯುವವರಿಲ್ಲ. ಬೇಗ ಬರೆ.

ಮಾಳು


ಹೈದರಾಬಾದ್
೧೪ ಡಿಸೆಂಬರ್

ಮಾಳು,

ಅವರ ಹೆಸರು ಯಾದಗಿರಿ. ನಲಗೊಂಡದ ಕಡೆಯವರು, ಅಪ್ಪನಿಗಿಂತ ಸ್ವಲ್ಪ ಸಣ್ಣವರು. ಮಾತು ಕಡಿಮೆ. ಪ್ರತಿ ಗಂಟನ್ನೂ ತಾವೇ ಹಾಕುತ್ತಾರೆ. ಬೇರೆಯವರು ಹಾಕಿದ್ದನ್ನು ಬಿಚ್ಚಿ ಮತ್ತೆ ಹಾಕುತ್ತಾರೆ. ನಾನು ಜಿಗಿಯುವ ಮೊದಲು ಅದೇ ಹಗ್ಗಕ್ಕೆ ತಾವು ಒಮ್ಮೆ ಜೋತು ನೋಡುತ್ತಾರೆ. ಒಂದು ದಿನ ಗಾಳಿ ಜೋರಿತ್ತು. ನಿರ್ದೇಶಕರು ಎಷ್ಟು ಕೂಗಾಡಿದರೂ ಹಗ್ಗ ಕೊಡಲಿಲ್ಲ, ಅದರ ಮೇಲೇ ಕೂತುಬಿಟ್ಟರು.

ಅಪ್ಪನಿಗೆ ಹೇಳು, ಅವರ ತಪ್ಪೇನಿಲ್ಲ. ಆಣೆ ಮುರಿದವಳು ನಾನು. ಬೈಯುವುದಿದ್ದರೆ ನನಗೆ ಬೈಯಲಿ, ಆದರೆ ಬೈಯಲಿ. ಸುಮ್ಮನಿರಬೇಡ ಎನ್ನು. ಸಹಿ ಹಾಕಿಲ್ಲ. ಸಂಕ್ರಾಂತಿಯೊಳಗೆ ಹೇಳುತ್ತೇನೆಂದಿದ್ದೇನೆ.

ಪೂನಮ್


ಜಮಖಂಡಿ
೨೩ ಡಿಸೆಂಬರ್

ಅಖಂಡ ಗಗನಸಂಚಾರಿಣಿ, ನಮ್ಮ ಮನೆತನದ ಮೊದಲ ಹಾರುವ ಜೀವಿ, ಅಕ್ಕ ಪೂನಮ್ ಅವರಿಗೆ,

ಈ ಪತ್ರದೊಂದಿಗೆ ಒಂದು ಗಂಟು ಬರುತ್ತದೆ. ಅದರ ಚರಿತ್ರೆ ಕೇಳಿ.

ನಿನ್ನ ಪತ್ರವನ್ನು ಅಪ್ಪ ನನ್ನಿಂದ ಎರಡು ಸಲ ಓದಿಸಿದ. ಹಗ್ಗದ ಮೇಲೆ ಕೂತದ್ದನ್ನು ಮೂರನೆಯ ಸಲ. ಎದ್ದು ಹೋದ. ಮರುದಿನ ಬೀರಪ್ಪನ ಗುಡಿಯ ಮುಂದೆ ಸಿಕ್ಕ, ಬಗಲಲ್ಲಿ ಹೊಸ ಕರಿ ಕಂಬಳಿ. ಆಯಿ ನೂತ ಉಣ್ಣೆಯದು, ಈ ಚಳಿಗೆ ಅಪ್ಪನಿಗೆಂದು ಮಾಡಿಸಿದ್ದು. ಅದಕ್ಕೆ ಭಂಡಾರ ಹಾಕಿಸಿ ನನ್ನ ಕೈಗಿಟ್ಟ.

"ಯಾದಗಿರಿಗೆ ಕಳಸು," ಎಂದ.

"ಅಕ್ಕಗ ಏನ್ ಬರೀಲಿ? ಆಣಿ ಬಿಡಿಸೀನಿ ಅಂತ ಬರೀಲಿ?"

"ಆಣಿ ಯಾಕ ಬಿಡಿಸಲಿ? ಅದು ಹಂಗ ಇರಲಿ. ಕೆಳಗ ನಿಂದ್ರೂ ಮನಿಶ್ಯಾ ಬದಲಿ ಆಗ್ಯಾನ, ಅಷ್ಟ. ನನಗ ಬರಾಕ ಆಗಾಣಿಲ್ಲ, ಕುರಿ ಯಾರ ನೋಡ್ಬೇಕ? ನನ್ನ ಜಾಗಾಕ ಅವನ್ನ ನಿಲ್ಲಿಸೀನಿ ಅಂತ ಬರಿ. ಗಾಳಿ ಇದ್ದ ದಿನ ಆಕಿ ಮಾತ ಕೇಳಬ್ಯಾಡ ಅಂತನೂ ಅವಗ ಹೇಳ ಅನ್ನು."

ಅಂಚೆ ಕಚೇರಿಯಲ್ಲಿ, "ಇದರಾಗ ಏನೈತ್ರಿ?" ಎಂದು ಕೇಳಿದರು. "ನಮ್ಮಪ್ಪ ಅದಾನ್ರಿ" ಎಂದೆ. ಆ ಮನುಷ್ಯ ಮುಖ ಎತ್ತಲಿಲ್ಲ, "ತೂಕದ ಮ್ಯಾಲ ಇಡ್ರಿ ಅವರ್ನ" ಎಂದ.

ಸಂಘದ ತುರ್ತು ಸಭೆಯಲ್ಲಿ ಹೊಸ ಠರಾವು ಪಾಸಾಗಿದೆ: 'ನೀಲಗಿಡುಗ' ಸರ್ವಕಾಲಕ್ಕೂ ಶ್ರೇಷ್ಠ ಚಿತ್ರ. ಕಾರಣ ಕೇಳಿದವರಿಗೆ ಅಧ್ಯಕ್ಷರು ಉತ್ತರ ಕೊಡುವುದಿಲ್ಲ, ಮೃದಾನಿಯ ಫೋಟೊಕ್ಕೆ ಕೈ ಮುಗಿದು ಬೇರೆ ಯಾರನ್ನೋ ನೆನೆಯುತ್ತಾರೆ.

ಇಂತಿ,
ಮಾಳು


ಹೈದರಾಬಾದ್
೧೧ ಜನವರಿ ೨೦೨೬

ಮಾಳು,

ಇದನ್ನು ಅಪ್ಪನಿಗೆ ಓದಿ ಹೇಳು.

ಕಂಬಳಿ ಕೊಟ್ಟೆ. ಯಾದಗಿರಿ ಅದನ್ನು ಮೂಗಿಗೆ ಹಿಡಿದು ನೋಡಿದರು, "ಗೊಂಗಡಿ" ಎಂದರು, ಕಂಬಳಿಗೆ ಅವರ ಕಡೆಯ ಹೆಸರದು, ಯಾಕೆ ಎಂದು ಕೇಳಿದರು. ನಮ್ಮ ಕಡೆಯ ಆಣೆಯ ಸಂಗತಿಯನ್ನು ನನಗೆ ಬರುವಷ್ಟು ತೆಲುಗಿನಲ್ಲಿ ಹೇಳಿದೆ. ಕೇಳಿದರು. ಕಂಬಳಿ ಮಡಚಿ ಬಗಲಿಗಿಟ್ಟು ಹಗ್ಗದ ಕೆಲಸಕ್ಕೆ ಹೋದರು. ನನ್ನ ತೆಲುಗು ಅವರಿಗೆ ತಿಳಿಯಲಿಲ್ಲ ಎಂದುಕೊಂಡು ನಾನು ಸಹಿ ಹಾಕುವ ಕಾಗದ ಹಾಗೇ ಚೀಲದಲ್ಲಿಟ್ಟುಕೊಂಡೆ.

ಮರುದಿನ ನೀರಿನ ಟಾಕಿಯ ಮೇಲೆ ಒಂದು ಸಣ್ಣ ಪರೀಕ್ಷೆಯ ಜಿಗಿತ ಇತ್ತು. ಮಧ್ಯಾಹ್ನ, ಕೆಳಗೆ ಸಿಮೆಂಟು ನೆಲ ಸುಡುತ್ತಿತ್ತು. ಮೇಲೆ ಹೋಗಿ ನೋಡಿದರೆ ಎಲ್ಲರೂ ನೆರಳಿನಲ್ಲಿದ್ದಾರೆ. ಯಾದಗಿರಿ ಒಬ್ಬರೇ ಬಿಸಿಲಿನಲ್ಲಿ, ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಆ ಉಣ್ಣೆಯ ಕಂಬಳಿ ಹೊದ್ದು ನಿಂತಿದ್ದಾರೆ. ಹುಡುಗರು ನಗುತ್ತಿದ್ದರು. ಒಬ್ಬ ಹೋಗಿ ಅದನ್ನು ತೆಗೆಯಲು ನೋಡಿದ. ಅವರು ಅವನ ಕೈ ಸರಿಸಿ ನನ್ನ ಕಡೆ ಬೆರಳು ತೋರಿಸಿದರು. ಹುಡುಗಿ ಕೆಳಗೆ ಬರಲಿ, ಆಮೇಲೆ ತೆಗೆಯುತ್ತೇನೆ ಎಂದರಂತೆ.

ಇಳಿದ ಮೇಲೆ ಕಾಗದಕ್ಕೆ ಸಹಿ ಹಾಕಿದೆ.

ಪೂನಮ್